ಲಾಭದಿಂದ ಶುರುವಾದ ಮರುಎಣಿಕೆ

ಒಂದು ಕಾಡಿನಲ್ಲಿ, ಬಿಸಿಲು ಕೂಡ ತಲೆ ತಗ್ಗಿಸಿ ಒಳಗೆ ಬರಬೇಕಾದಂಥ ದಟ್ಟ ಕಾಡಿನಲ್ಲಿ, ಮತ ಹಾಕುವ ಪ್ರಾಣಿಗಳು ಹತ್ತೇ ಹತ್ತು. ಅದರಲ್ಲೊಬ್ಬ ಕೆಂಚಪ್ಪ ನರಿ. ಅವನ ಬಾಲ ಎಷ್ಟು ಉದ್ದವೆಂದರೆ, ಅವನು ಮನೆ ಸೇರಿದ ಮರುದಿನ ಅದು ಮನೆ ಸೇರುತ್ತಿತ್ತು.

ಹೊಂಡದ ಕಾವಲನ್ನು ಕೆಂಚಪ್ಪನಿಗೆ ಕೊಡಬೇಕೇ ಎಂದು ಒಮ್ಮೆ ಮತಕ್ಕೆ ಹಾಕಿದರು. ಹೌದು ಎನ್ನುವವರು ಹುಣಸೆ ಬೀಜ, ಬೇಡ ಎನ್ನುವವರು ಹೊಂಗೆ ಬೀಜ ಮಡಕೆಗೆ ಹಾಕಬೇಕು. ಸಮ ಬಂದರೆ ಅರ್ಧ ದಿನದ ಕಾವಲು. ಹೊಂಡದ ತುಂಬ ಏಡಿಗಳಿದ್ದವು. ಕೆಂಚಪ್ಪ ಬಾಯಲ್ಲಿ ನೀರೂರಿಸಿಕೊಂಡು ಮಡಕೆಯನ್ನು ಸುತ್ತಿದ, ಸುತ್ತಿದಾಗಲೆಲ್ಲ ಒಂದು ಹುಣಸೆ ಬೀಜ ಉದುರಿಸಿದ. ಎಷ್ಟು ಉದುರಿಸಿದನೋ ಅವನಿಗೇ ನೆನಪಿರಲಿಲ್ಲ.

ಎಣಿಸಲು ಕೂತವನು ಚಿಪ್ಪಜ್ಜನೆಂಬ ಮುದಿ ಆಮೆ. ಹೊಂಗೆ ಒಂಬತ್ತು ಬಂತು. ಆಗ ಕೆಂಚಪ್ಪ ಏಡಿ ನೋಡುತ್ತಿದ್ದ. ಹುಣಸೆಯ ಸರದಿಗೆ ಕಿವಿ ನಿಮಿರಿಸಿದ.

"ಲಾಭ, ಎರಡು, ಮೂರು..." ಎಂದು ಶುರುಮಾಡಿ ಅಜ್ಜ ಒಂಬತ್ತಕ್ಕೆ ನಿಲ್ಲಿಸಿದ. ಹತ್ತು ಪ್ರಾಣಿಗಳಿಗೆ ಹದಿನೆಂಟು ಮತ ಬಂದದ್ದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಅರ್ಧ ದಿನದ ಕಾವಲಿಗೆ ಒಪ್ಪಿ ಎದ್ದರು.

ಕಾಳು ಅಳೆಯುವವರು ಶುಭವಾಗಲೆಂದು ಒಂದಕ್ಕೆ ಲಾಭ ಎನ್ನುತ್ತಾರೆ. ಹುಟ್ಟಿದಾಗಿನಿಂದ ಕದ್ದೇ ತಿಂದ ಕೆಂಚಪ್ಪನಿಗೆ ಅಳತೆಯ ಮಾತು ಎಲ್ಲಿಂದ ಗೊತ್ತಿರಬೇಕು?

"ಅಜ್ಜಾ, ನನ್ನ 'ಒಂದು' ಎಲ್ಲಿ ನುಂಗಿದೆ? ಮತ್ತೆ ಎಣಿಸು," ಎಂದ.

"ಕೇಳಬಹುದು ಮಗಾ. ಆದರೆ ಮರುಎಣಿಕೆಗೆ ನಿಯಮವಿದೆ. ಓದಿ ಹೇಳಲೇ?"

"ನಿಯಮ ನಿನ್ನ ಚಿಪ್ಪಿನೊಳಗೇ ಇರಲಿ. ಎಣಿಸು."

ನಿಯಮ ಇಷ್ಟೇ: ಮರುಎಣಿಕೆ ಕೇಳಿದವರ ಕಡೆಯ ಒಂದೊಂದು ಬೀಜಕ್ಕೂ ಅದನ್ನು ಹಾಕಿದವರು ಎದ್ದು ನಿಲ್ಲಬೇಕು. ಯಾರೂ ಏಳದ ಬೀಜ ಹೊಂಡದ ಪಾಲು.

ಅಜ್ಜ ಮೊದಲ ಬೀಜ ಎತ್ತಿ, "ಹಾಕಿದವರು ಏಳಿ, ಇಲ್ಲವಾದರೆ ಇದು ಹೊಂಡಕ್ಕೆ," ಎಂದ. ಕೆಂಚಪ್ಪ ಎದೆಯುಬ್ಬಿಸಿ ಎದ್ದ. ಎರಡನೆಯದಕ್ಕೆ ಯಾರೂ ಏಳಲಿಲ್ಲ. ಬೀಜ ಹೊಂಡಕ್ಕೆ ಬಿದ್ದೀತೆಂದು ಕೆಂಚಪ್ಪ ಪೊದೆಯ ಹಿಂದೆ ಓಡಿ, ತಲೆಗೆ ಮುತ್ತುಗದ ಎಲೆ ಕಟ್ಟಿಕೊಂಡು, ತಾನು ನೆಂಟರ ಮನೆಗೆ ಬಂದ ಮೊಲವೆಂದ. ಮೂರನೆಯದಕ್ಕೆ ಕುಂಟುತ್ತಾ ಬಂದು ಕೊಕ್ಕರೆಯೆಂದ. ನಾಲ್ಕನೆಯದಕ್ಕೆ ಆನೆಯೆಂದ.

ಮುಳ್ಳುಹಂದಿ ತಾಯವ್ವ ಮೆಲ್ಲಗೆ ಕೇಳಿದಳು: "ಆನೆಯಪ್ಪಾ, ನಿನ್ನ ಬಾಲ ಇನ್ನೂ ಕೊಕ್ಕರೆಯ ಹತ್ತಿರವೇ ಇದೆಯಲ್ಲ?"

ಎಲ್ಲರೂ ತಿರುಗಿ ನೋಡಿದರು. ಬಾಲ ಅಲ್ಲೇ ಇತ್ತು.

ಎಂಟು ಬೀಜಗಳು ಒಂದೊಂದಾಗಿ ಹೊಂಡಕ್ಕೆ ಬಿದ್ದವು. ಅಜ್ಜ ಉಳಿದದ್ದನ್ನು ಎತ್ತಿ ಹಿಡಿದ. "ಬೇಡ ಎಂದವರು ಒಂಬತ್ತು. ಹೌದು ಎಂದವರು ಲಾಭ."

ಕೆಂಚಪ್ಪ ಕಾದ. ಎರಡು ಬರಲೇ ಇಲ್ಲ. ಲಾಭ ಅಂದರೆ ಎಷ್ಟೆಂದು ಅವನಿಗೆ ಆಗ ಗೊತ್ತಾಯಿತು.

ನೀತಿ: ಮೋಸದಿಂದ ಗಳಿಸಿದವನು ಮತ್ತೆ ಎಣಿಸಿ ಎಂದರೆ, ಬಂದದ್ದನ್ನೂ ಕಳೆದುಕೊಳ್ಳುತ್ತಾನೆ.