ಕುದಿಯುವ ಕೊಪ್ಪರಿಗೆಯಲ್ಲಿ ಮಲಗಿದ್ದ ಜೀವ

ಕೊಟ್ರಪ್ಪ ಎಂಬ ಅಡುಗೆಯವನೊಬ್ಬನಿದ್ದ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಮದುವೆಯಾಗಲಿ ಗೃಹಪ್ರವೇಶವಾಗಲಿ, ಮೊದಲು ಅವನಿಗೆ ಬಿಡುವಿದೆಯೇ ಎಂದು ಕೇಳಿ ಆಮೇಲೆ ದಿನ ಗೊತ್ತು ಮಾಡುತ್ತಿದ್ದರು. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಅವನ ಮುಂಗೈ ಕೂದಲೆಲ್ಲ ಸುಟ್ಟುಹೋಗಿತ್ತು. ಅವನು ಕಣ್ಣುಮುಚ್ಚಿ ನಂಬುತ್ತಿದ್ದದ್ದು ಒಂದನ್ನೇ, ಬೆಂಕಿಯನ್ನು.

"ನೀರು ಕೆರೆಯದಾಗಲಿ ಬಾವಿಯದಾಗಲಿ, ಒಂದು ಸಲ ಕೊತಕೊತ ಕುದಿಸಿಬಿಟ್ಟರೆ ಮುಗೀತು. ಅದರೊಳಗೆ ಬದುಕಿ ಬರೋ ಜೀವ ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಅವನ ಅಡುಗೆ ಉಂಡು ಯಾರಿಗಾದರೂ ಹೊಟ್ಟೆ ಕೆಟ್ಟದ್ದು ಅವನ ಕಿವಿಗೆ ಬಿದ್ದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವನ ಅಕ್ಕನ ಮಗಳು ಶೈಲಾಳಿಗೆ ಸೀಮಂತ ಗೊತ್ತಾಯಿತು. ತಾಯಿಯಿಲ್ಲದ ಹುಡುಗಿ. ಸೋದರಮಾವನೇ ಎತ್ತಿ ಆಡಿಸಿ ಬೆಳೆಸಿದ್ದ. ಕಾರ್ಯ ಇದ್ದದ್ದು ಸಂಜೆ ನಾಲ್ಕಕ್ಕೆ. ಹೋಳಿಗೆ, ಪಲ್ಯ, ಕೋಸಂಬರಿ ಎಲ್ಲ ಆಗಬೇಕಲ್ಲ, ಒಲೆ ಖಾಲಿ ಸಿಗಲಿ ಎಂದು ಕೊಟ್ರಪ್ಪ ಬೆಳಿಗ್ಗೆ ಆರಕ್ಕೇ ದೊಡ್ಡ ಕೊಪ್ಪರಿಗೆಯಲ್ಲಿ ಚಿತ್ರಾನ್ನದ ಅನ್ನ ಮಾಡಿ ಬಸಿದ. ಆರಿಹೋಗಬಾರದೆಂದು ಮೇಲೆ ಬಾಳೆಲೆ ಮುಚ್ಚಿ, ಅದರ ಮೇಲೆ ಗೋಣಿಚೀಲ ಹೊದಿಸಿದ. ಸಂಜೆ ತೆಗೆದಾಗ ಅನ್ನ ಇನ್ನೂ ಬೆಚ್ಚಗೇ ಇತ್ತು. ಒಗ್ಗರಣೆ ಹಾಕಿ, ಹಬೆಯಾಡುವಂತೆ ಮತ್ತೊಮ್ಮೆ ಬಿಸಿಮಾಡಿ ಬಡಿಸಿದ.

"ಮಾವ, ಇನ್ನೊಂದು ಸ್ವಲ್ಪ ಚಿತ್ರಾನ್ನ" ಎಂದು ಶೈಲಾ ಎರಡು ಸಲ ಕೇಳಿ ಹಾಕಿಸಿಕೊಂಡಳು. ಕೊಟ್ರಪ್ಪನಿಗೆ ಕಣ್ಣು ತುಂಬಿತು.

ಎರಡು ಗಂಟೆಯೊಳಗೆ ಮನೆ ತುಂಬ ವಾಂತಿ. ಉಂಡವರಲ್ಲಿ ಇಪ್ಪತ್ತೆರಡು ಜನ ಬಚ್ಚಲಿಗೂ ಅಂಗಳಕ್ಕೂ ಓಡಾಡಿ ಸುಸ್ತಾಗಿ ಕುಸಿದರು. ಶೈಲಾ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು, "ಮಾವ, ಮಗು ಅಲ್ಲಾಡ್ತಿಲ್ಲ" ಎಂದಳು. ಆ ಮಾತು ಕೇಳಿದ್ದೇ ಕೊಟ್ರಪ್ಪ ಗಾಡಿ ತರಿಸಿ ಅವಳನ್ನು ಕರೆದೊಯ್ದ. ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು, ಮಗುವಿನ ಎದೆಬಡಿತ ಟಕಟಕ ಎಂದು ಕೇಳಿಸುವವರೆಗೆ ಅವನು ಗೋಡೆಗೆ ಒರಗಿ ನಿಂತೇ ಇದ್ದ.

ಮೂರು ದಿನಕ್ಕೆ ಎಲ್ಲರೂ ಚೇತರಿಸಿಕೊಂಡರು. ತಪ್ಪು ಯಾರದು ಎಂಬ ಮಾತು ಮಾತ್ರ ನಿಲ್ಲಲಿಲ್ಲ. ಒಬ್ಬರು ಮೊಸರು ಎಂದರು, ಇನ್ನೊಬ್ಬರು ದೃಷ್ಟಿ ಎಂದರು. ಕೊಟ್ರಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. "ನಂದು ಎರಡು ಸಲ ಬೆಂಕಿ ಕಂಡ ಅನ್ನ. ಅದರಲ್ಲಿ ದೋಷ ಇರೋಕೆ ಸಾಧ್ಯವಿಲ್ಲ."

ಅಂದು ಉಂಡು ನರಳಿದವರಲ್ಲಿ ಪ್ರಫುಲ್ಲಾ ಎಂಬವರೂ ಇದ್ದರು. ಪಕ್ಕದ ಪೇಟೆಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಹೇಳುವವರು. ಅವರೇ ಕೊಟ್ರಪ್ಪನ ಮನೆಗೆ ಬಂದರು. ಕೋಪವಿಲ್ಲ, ದೂರಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ಅನ್ನ ಎಷ್ಟು ಗಂಟೆಗೆ ಬಸಿದಿರಿ, ಕೊಟ್ರಪ್ಪನವರೇ?"

"ಬೆಳಿಗ್ಗೆ ಆರಕ್ಕೆ. ಗೋಣಿಚೀಲ ಹೊದಿಸಿ ಸಂಜೆವರೆಗೂ ಬೆಚ್ಚಗಿಟ್ಟಿದ್ದೆ. ಯಾಕ್ರೀ ಮೇಡಂ? ಕುದಿಸಿದ್ದೀನಲ್ಲ."

"ಕುದಿಸಿದ್ದೀರಿ, ಇಲ್ಲ ಅನ್ನಲ್ಲ. ಕುದಿದದ್ದರಲ್ಲಿ ಏನು ಉಳೀತು ಅಂತ ನಿಮಗೇ ತೋರಿಸ್ತೀನಿ. ನಾಳೆ ಕಾಲೇಜಿಗೆ ಬನ್ನಿ. ಅಕ್ಕಿ ನಿಮ್ಮದೇ ತನ್ನಿ. ಕುದಿಸೋರೂ ನೀವೇ."

ಕೊಟ್ರಪ್ಪ ಗೆದ್ದೇ ಬರುತ್ತೇನೆಂದು ಹೋದ. ಎರಡು ಗಾಜಿನ ಬುರುಡೆಗಳಲ್ಲಿ ಅಕ್ಕಿ ಮತ್ತು ನೀರು ಹಾಕಿ, ಬಾಯಿಗೆ ಹತ್ತಿ ಗಿಡಿದು, ತಾನೇ ಒಲೆ ಹೊತ್ತಿಸಿದ. ಹದಿನೈದು ನಿಮಿಷ ಸಾಕು ಎಂದರು ಮೇಡಂ. ಅವನು ಹಟಕ್ಕೆ ಅರ್ಧ ಗಂಟೆ ಕುದಿಸಿದ. ಒಂದು ಬುರುಡೆಯನ್ನು ಕೂಡಲೇ ಐಸ್ ನೀರಲ್ಲಿ ಇಳಿಸಿ ತಣಿಸಿ ಫ್ರಿಜ್ಜಿಗೆ ಸೇರಿಸಿದರು. ಇನ್ನೊಂದನ್ನು ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟರು. ಹತ್ತಿ ಬಿಚ್ಚಲಿಲ್ಲ, ಹೊರಗಿನ ಗಾಳಿ ಧೂಳು ಒಳಹೋಗುವ ಹಾಗಿರಲಿಲ್ಲ.

ಎರಡು ದಿನ ಬಿಟ್ಟು ಬಂದು ನೋಡಿದ. ಫ್ರಿಜ್ಜಿನದರಲ್ಲಿ ಗಂಜಿ ಇಟ್ಟ ಹಾಗೇ ಇತ್ತು. ಬೆಚ್ಚಗಿದ್ದದ್ದರ ಮೇಲೆ ಪೊರೆ ಕಟ್ಟಿ, ತಿಳಿ ಕದಡಿ, ಹತ್ತಿ ತೆಗೆದ ಕೂಡಲೇ ಕಮಟು ಮೂಗಿಗೆ ಬಡಿಯಿತು.

ಮೇಡಂ ಅದರ ಒಂದು ಹನಿಯನ್ನು ಗಾಜಿನ ಪಟ್ಟಿಗೆ ಬಳಿದು, ಒಣಗಿಸಿ, ಬಣ್ಣ ಹಾಕಿ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟರು. "ಒಂದು ಕಣ್ಣು ಮುಚ್ಚಿ ನೋಡಿ."

ಮೊದಲು ಏನೂ ಕಾಣಲಿಲ್ಲ. ಆಮೇಲೆ, ಮಂಜು ಸರಿದ ಹಾಗೆ, ಒಂದು ಲೋಕವೇ ತೆರೆದುಕೊಂಡಿತು. ಕುಂಕುಮದ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು, ಸಾವಿರಾರು, ಒಂದಕ್ಕೊಂದು ಪೋಣಿಸಿದಂತೆ. ಕೆಲವು ಕಡ್ಡಿಗಳ ಹೊಟ್ಟೆಯೊಳಗೆ ಒಂದೊಂದು ಹಸಿರು ಮಣಿ, ಪಚ್ಚೆಯ ಹರಳು ಕೂರಿಸಿದ ಹಾಗೆ.

"ಮೇಡಂ, ಆ ಹಸಿರು?"

"ಅದೇ ನಿಮ್ಮ ಬೆಂಕಿಗೆ ಬಗ್ಗದ್ದು. ಈ ಜೀವಕ್ಕೆ ಕಷ್ಟಕಾಲ ಬರ್ತದೆ ಅನ್ನಿಸಿದಾಗ ತನ್ನೊಳಗೇ ಒಂದು ಪುಟ್ಟ ಕೋಣೆ ಕಟ್ಟಿಕೊಳ್ತದೆ. ಪ್ರಾಣವನ್ನೆಲ್ಲ ಅದರಲ್ಲಿಟ್ಟು, ಸುತ್ತ ಕವಚದ ಮೇಲೆ ಕವಚ ಹಾಕಿ, ಒಳಗಿನ ನೀರನ್ನು ಒಣಗಿಸಿಕೊಂಡು ಮಲಗಿಬಿಡ್ತದೆ. ಉಣ್ಣಲ್ಲ, ಬೆಳೆಯಲ್ಲ. ಗದ್ದೆಯ ಮಣ್ಣಿನಿಂದ ಅಕ್ಕಿಗೆ ಅಂಟಿಕೊಂಡು ಬರ್ತದೆ. ವರ್ಷಗಟ್ಟಲೆ ಹಾಗೇ ಮಲಗಿರಬಲ್ಲದು. ನೀವು ಕುದಿಸಿದಾಗ ಎಚ್ಚರವಾಗಿದ್ದದ್ದೆಲ್ಲ ಸತ್ತಿತು. ಮಲಗಿದ್ದರಲ್ಲಿ ಕೆಲವು ಉಳಿದವು."

"ಹಾಗಾದರೆ ಅದನ್ನ ಎಬ್ಬಿಸೋರು ಯಾರು?"

ಪ್ರಫುಲ್ಲಾ ಮೇಡಂ ಮೆಲ್ಲಗೆ ಹೇಳಿದರು, "ಗೋಣಿಚೀಲ ಹೊದಿಸಿದವರು."

ಕೊಟ್ರಪ್ಪ ಕುರ್ಚಿಯಲ್ಲಿ ಕೂತುಬಿಟ್ಟ.

"ಸುಡುವಷ್ಟು ಬಿಸಿ ಇದ್ದರೆ ಅದು ಏಳಲ್ಲ. ತೀರ ತಣ್ಣಗಿದ್ದರೂ ಹೆಚ್ಚಲ್ಲ. ಬೆಚ್ಚಗಿದ್ದು, ಊಟವೂ ಇದ್ದರೆ ಎದ್ದು ಕೂರ್ತದೆ. ಅರ್ಧ ಗಂಟೆಗೆ ಒಂದು ಎರಡಾಯಿತು ಅಂತಿಟ್ಟುಕೊಳ್ಳಿ. ಆರರಿಂದ ನಾಲ್ಕರವರೆಗೆ ಹತ್ತು ಗಂಟೆ. ಒಂದು ಇದ್ದದ್ದು ಹತ್ತು ಲಕ್ಷ ಆಗ್ತದೆ. ಅಷ್ಟೂ ಸೇರಿ ಅನ್ನದಲ್ಲಿ ಒಂದು ವಿಷ ಬಿಡ್ತಾವೆ. ಆಮೇಲೆ ನೀವು ಎಷ್ಟೇ ಬಿಸಿಮಾಡಿ, ಆ ವಿಷ ಹೋಗಲ್ಲ. ರುಚಿಯಲ್ಲೂ ಗೊತ್ತಾಗಲ್ಲ."

ಅವನು ಮತ್ತೆ ಬಗ್ಗಿ ಕಣ್ಣಿಟ್ಟ. ಮತ್ತೆ ಮತ್ತೆ ನೋಡಿದ. ಶೈಲಾಳನ್ನು ಆಸ್ಪತ್ರೆಗೆ ಸೇರಿಸಿದ್ದು ಇದೇ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಾಸಿವೆಯ ಸಾವಿರದಲ್ಲೊಂದು ಪಾಲೂ ಇಲ್ಲದ ಜೀವ. ಕಣ್ಣಿಲ್ಲ, ಕೈಯಿಲ್ಲ. ತಾನು ಸೌದೆಯ ಮೇಲೆ ಸೌದೆ ಒಟ್ಟಿ ಕುದಿಸುವಾಗ, ಆ ಕೊಪ್ಪರಿಗೆಯ ತಳದಲ್ಲಿ ತೊಟ್ಟಿಲ ಕೂಸಿನಂತೆ ನಿದ್ದೆ ಮಾಡಿಕೊಂಡಿತ್ತಲ್ಲ! ಅವನಿಗೆ ಮೈ ಜುಮ್ಮೆಂದಿತು. ಅರಿವಿಲ್ಲದೆಯೇ ಕೈ ಜೋಡಿಸಿದ.

"ಮೂವತ್ತು ವರ್ಷದಿಂದ ನನ್ನ ಕೊಪ್ಪರಿಗೆಯಲ್ಲಿ ಇದು ಇತ್ತೇನು ಮೇಡಂ?"

"ಅಕ್ಕಿ ಇದ್ದ ಕಡೆ ಇದು ಇದ್ದೇ ಇರ್ತದೆ. ನೀವು ಯಾವಾಗಲೂ ಮಾಡಿದ ಕೂಡಲೇ ಬಡಿಸ್ತಿದ್ದಿರಿ. ಅದಕ್ಕೇ ಏಳೋಕೆ ಪುರಸೊತ್ತು ಸಿಗಲಿಲ್ಲ. ಕಾಪಾಡಿದ್ದು ಬೆಂಕಿಯೊಂದೇ ಅಲ್ಲ, ಹೊತ್ತಿಗೆ ಸರಿಯಾಗಿ ಬಡಿಸಿದ್ದೂ."

ಅಂದೇ ಕೊಟ್ರಪ್ಪ ಉಂಡವರ ಮನೆಮನೆಗೆ ಹೋಗಿ, "ತಪ್ಪು ನನ್ನ ಅನ್ನದ್ದೇ" ಎಂದು ಹೇಳಿ ಬಂದ. ಕೊನೆಗೆ ಶೈಲಾಳ ಮನೆಗೆ ಹೋದ. ಅವಳು ಅವನ ಕೈಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ಮಗು ಒದೆಯಿತು. "ನೋಡು ಮಾವ, ಇದು ಆಗಲೇ ಮರೆತಿದೆ" ಎಂದು ನಕ್ಕಳು. ಅವನಿಗೆ ನಗಲು ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ವೀರನಗೌಡರೆಂಬ ದೊಡ್ಡ ಮನುಷ್ಯರ ಗೃಹಪ್ರವೇಶ ಬಂತು. ಮುನ್ನೂರು ಜನರ ಊಟ. ಕೊಟ್ರಪ್ಪ ಹುಳಿ, ಪಾಯಸ ಮುಗಿಸಿ, ಮಧ್ಯಾಹ್ನ ಎರಡಕ್ಕೆ ಅನ್ನಕ್ಕೆ ಎಸರಿಡಲು ಹೊರಟಾಗ ಗೌಡರು ನಗುತ್ತಾ ತಡೆದರು.

"ಅನ್ನ ಬೆಳಿಗ್ಗೆ ಆರಕ್ಕೇ ನಮ್ಮವರು ಮಾಡಿ ಹಿತ್ತಿಲಲ್ಲಿ ಇಟ್ಟಿದ್ದಾರೆ. ನಿಮಗೊಂದು ಕೆಲಸ ಹಗುರ ಮಾಡಿದೀವಿ."

ಕೊಟ್ರಪ್ಪ ಹೋಗಿ ಮುಚ್ಚಿದ್ದ ಕೌದಿ ಸರಿಸಿ ಅನ್ನದೊಳಗೆ ಕೈಯಿಟ್ಟ. ಸುಡಲಿಲ್ಲ. ತಣ್ಣಗೂ ಇರಲಿಲ್ಲ. ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು. ಮಲ್ಲಿಗೆಯಂತೆ ಬಿಡಿಬಿಡಿಯಾದ ಅನ್ನ. ಘಮ ಚೆನ್ನಾಗಿಯೇ ಇತ್ತು.

"ಗೌಡ್ರೇ, ಇದನ್ನ ಬಡಿಸೋಕಾಗಲ್ಲ. ಮುಕ್ಕಾಲು ಗಂಟೆ ಕೊಡಿ, ಬೇರೆ ಮಾಡ್ತೀನಿ."

"ಹಳಸಿಲ್ಲ, ಏನಿಲ್ಲ! ಇನ್ನೊಮ್ಮೆ ಬಿಸಿ ಮಾಡಿ ಹಾಕಿ."

"ಬಿಸಿಗೆ ಹೋಗೋದಲ್ಲ ಅದು. ನಾನು ಕಣ್ಣಾರೆ ನೋಡಿದೀನಿ."

ಗೌಡರ ಮುಖ ಕೆಂಪೇರಿತು. "ಪಂಕ್ತಿಯಲ್ಲಿ ಎಲೆ ಹಾಕಿದ್ದಾಗಿದೆ. ಇಷ್ಟು ಅನ್ನ ಚೆಲ್ಲೋದಾ? ಅನ್ನ ದೇವರಲ್ಲವೇನಯ್ಯಾ?"

ಆ ಮಾತು ಕೊಟ್ರಪ್ಪನಿಗೆ ನಾಟಿತು. ಎಲೆಯಲ್ಲಿ ಒಂದು ಅಗುಳು ಬಿಟ್ಟವರನ್ನೂ ಗದರುತ್ತಿದ್ದವನು ಅವನು. ಆದರೂ ಕೊಪ್ಪರಿಗೆಗೆ ಬೆನ್ನು ಮಾಡಿ ಗೌಡರ ಕಡೆ ತಿರುಗಿದ.

"ದೇವರೇ ಗೌಡ್ರೇ. ಉಣ್ಣೋಕೆ ಕೂತಿದ್ದಾರಲ್ಲ, ಅವರೂ ದೇವರೇ. ಇದನ್ನೇ ಬಡಿಸಬೇಕು ಅಂದರೆ ನಾನು ಸೌಟು ಕೆಳಗಿಟ್ಟು ಹೋಗ್ತೀನಿ."

ಗೌಡರು ಗೊಣಗುತ್ತಾ ಒಳಗೆ ಹೋದರು. ಬೇಡ ಎಂದು ಮಾತ್ರ ಹೇಳಲಿಲ್ಲ. ಕೊಟ್ರಪ್ಪ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಆ ಅನ್ನಕ್ಕೆ ಕೈಮುಗಿದು ಮಣ್ಣು ಮುಚ್ಚಿದ. ದನಕ್ಕೂ ಹಾಕಗೊಡಲಿಲ್ಲ. ಮೂರು ಒಲೆ ಹೊತ್ತಿಸಿ ಸಣ್ಣ ಸಣ್ಣ ಪಾತ್ರೆಗಳಲ್ಲಿ ಅನ್ನ ಮಾಡಿಸಿದ. ಒಂದು ಪಾತ್ರೆ ಬಡಿಸಿ ಮುಗಿಯುವಷ್ಟರಲ್ಲಿ ಇನ್ನೊಂದು ಬಸಿಯುತ್ತಿದ್ದರು. ಹಸಿದ ಜನ ತಡವಾಯಿತೆಂದು ಬೈದುಕೊಂಡೇ ಉಂಡರು. ಗೌಡರು ಅವನು ಹೊರಟಾಗ ಮುಖ ಕೊಟ್ಟು ಮಾತಾಡಲಿಲ್ಲ.

ಸಂಜೆ ಆ ಮನೆಯಲ್ಲಿ ಮಕ್ಕಳು ಕಂಬ ಸುತ್ತಿ ಆಡಿದರು. ಮುದುಕರು ಎಲೆಯಡಿಕೆ ಹಾಕಿಕೊಂಡು ಹರಟಿದರು. ಬಸುರಿಯೊಬ್ಬಳು ಜಗಲಿಯ ಮೇಲೆ ತಲೆದಿಂಬು ಹಾಕಿಕೊಂಡು ನಿದ್ದೆಹೋದಳು. ಮುನ್ನೂರು ಜನ ನೆಟ್ಟಗೆ ಮನೆ ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದರಿಂದ ಯಾರೂ ಕೊಟ್ರಪ್ಪನನ್ನು ಹೊಗಳಲೂ ಇಲ್ಲ. ಅವನು ಬರಿಗೈ ಬೀಸಿಕೊಂಡು, ಹಗುರವಾದ ಮನಸ್ಸಿನಿಂದ ತನ್ನೂರ ದಾರಿ ಹಿಡಿದ.

ನೀತಿ: ಬೆಂಕಿ ಎಲ್ಲವನ್ನೂ ಕೊಲ್ಲುವುದಿಲ್ಲ, ಕಣ್ಣಿಗೆ ಕಾಣದ ಪುಟ್ಟ ಜೀವವೂ ನಮ್ಮ ಜಂಬಕ್ಕಿಂತ ಗಟ್ಟಿ. ಮಾಡಿದ ಅಡುಗೆಯನ್ನು ಬಿಸಿಯಿರುವಾಗಲೇ ಉಣ್ಣಿ. ಉಳಿದರೆ ಬೇಗ ತಣಿಸಿ ತಂಪಿನಲ್ಲಿಡಿ. ಬೆಚ್ಚಗೆ ಹೊತ್ತುಗಟ್ಟಲೆ ಇಡಬೇಡಿ. ಬಲ್ಲೆ ಎಂಬ ಹಮ್ಮು ಬಿಟ್ಟು, ತಿಳಿದ ಮೇಲೆ ತಿದ್ದಿಕೊಂಡವನು, ಯಾರೂ ಮೆಚ್ಚದಿದ್ದರೂ, ನೂರಾರು ಜನರನ್ನು ಕಾಯುತ್ತಾನೆ.