ಎದ್ದವ್ವನ ಬಂಡೆ

ಹುಲ್ಲೆಗಾಲದ ಕೆರೆಯ ಏರಿ ದಾಟಿದರೆ ಎಡಕ್ಕೆ ಒಂದು ಹಾಸುಬಂಡೆ ಸಿಗುತ್ತದೆ. ಎದ್ದವ್ವನ ಬಂಡೆ ಎಂದು ಅದರ ಹೆಸರು. ಹೆಸರು ಕೇಳಿ ತೆಂಗಿನಕಾಯಿ ಹಿಡಿದು ಬಂದವರು ಪೆಚ್ಚಾಗುತ್ತಾರೆ; ಅಲ್ಲಿ ಗುಡಿಯಿಲ್ಲ, ಮೂರ್ತಿಯಿಲ್ಲ. ಅವ್ವ ದೇವತೆಯಲ್ಲ, ಫ್ರಾನ್ಸ್ ದೇಶದ ನಾಟಕದವಳು ಎಂದರೆ ಹೇಳಿದವರನ್ನೇ ಅನುಮಾನದಿಂದ ನೋಡುತ್ತಾರೆ.

ಬಹಳ ಹಿಂದೆ, ಸುಲ್ತಾನರ ಚಾಕರಿಗೆ ಬಂದ ಫ್ರೆಂಚ್ ದಂಡೊಂದು ಇಲ್ಲಿ ಬೀಡುಬಿಟ್ಟಿತ್ತು. ಅದರ ಕಪ್ತಾನನ ಅಕ್ಕ ಸೆಲೆಸ್ತೀನ್. ಪ್ಯಾರಿಸಿನಲ್ಲಿ ದಾಸಿಯ ಪಾತ್ರದಿಂದ ರಂಗಕ್ಕೇರಿ ರಾಣಿಯ ಪಾತ್ರದವರೆಗೆ ಬೆಳೆದವಳು. ರಂಗದ ಮೇಲೆ ಸಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪರದೆ ಬೀಳುವ ತನಕ ರೆಪ್ಪೆ ಅಲುಗುತ್ತಿರಲಿಲ್ಲವಂತೆ. ಆದರೆ ವಯಸ್ಸಾಯಿತು, ಮೈ ದಪ್ಪವಾಯಿತು. ಒಮ್ಮೆ ರಾಣಿಯಾಗಿ ವಿಷ ಕುಡಿದು ಬಿದ್ದಾಗ ಜನ ಘೊಳ್ಳೆಂದು ನಕ್ಕರು. ಮರುದಿನವೂ ನಕ್ಕರು. ಅವಮಾನ ತಾಳಲಾರದೆ ತಮ್ಮನ ಹಿಂದೆ ಹಡಗು ಹತ್ತಿದಳು. ತನ್ನ ಸಾವಿಗೆ ಒಬ್ಬರಾದರೂ ಇನ್ನೊಮ್ಮೆ ಅಳಬೇಕು ಎಂಬ ಆಸೆಯನ್ನು ಮಾತ್ರ ದಡದಲ್ಲಿ ಬಿಟ್ಟು ಬರಲಾಗಲಿಲ್ಲ.

ಅವರ ರಾಜನ ಹುಟ್ಟುಹಬ್ಬಕ್ಕೆ ದಂಡಿನವರು ಈ ಬಂಡೆಯ ಮೇಲೆ ನಾಟಕವಾಡಿದರು. ಸೆಲೆಸ್ತೀನ್ ಅದೇ ರಾಣಿಯಾಗಿ ವಿಷ ಕುಡಿದು ಬಿದ್ದಳು. ಕುಡಿದ ಸಿಪಾಯಿಗಳು ಆಕಳಿಸಿದರು. ದೂರದಲ್ಲಿ ನಿಂತ ಊರ ಹೆಂಗಸರು ಮಾತ್ರ ಗಾಬರಿಯಾದರು. ನಮ್ಮ ಬಯಲಾಟದಲ್ಲಿ ಸತ್ತ ರಕ್ಕಸ ಕೂಡಲೇ ಎದ್ದು, ಎರಡು ಹೆಜ್ಜೆ ಕುಣಿದು ಒಳಗೆ ಹೋಗುತ್ತಾನೆ. ಇವಳು ಏಳಲೇ ಇಲ್ಲ. ಬಯಲಿನಲ್ಲಿ ಬೀಳಲು ಪರದೆಯೂ ಇರಲಿಲ್ಲ. ಮುದಿ ಸೂಲಗಿತ್ತಿ ಕೆಂಪಾಜಮ್ಮ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. "ಯಾರೂ ಇಲ್ಲದ ಊರ್ಗೆ ಬಂದು ಪ್ರಾಣ ಬುಟ್ಯಲ್ಲ ನನ್ನವ್ವ! ಏಳವ್ವ, ಎದ್ದೇಳು!"

ಭಾಷೆ ತಿಳಿಯದಿದ್ದರೂ ಸೆಲೆಸ್ತೀನಳಿಗೆ ಅಳು ತಿಳಿಯಿತು. ಬಿಸಿ ಕಣ್ಣೀರು ಕೆನ್ನೆಗೆ ಬಿತ್ತು. ಇದಕ್ಕಾಗಿಯೇ ಹಂಬಲಿಸಿದವಳು, ಹಾಗೇ ಮಲಗಿದ್ದರೆ ಗೆದ್ದಂತೆಯೇ. ಆದರೆ ಮುದುಕಿಯ ಎದೆ ಏದುಸಿರಿಗೆ ಬಡಿದುಕೊಳ್ಳುವುದು ಕಿವಿಗೇ ಕೇಳುತ್ತಿತ್ತು. ನಾಟಕದ ನಡುವೆಯೇ ಅವಳು ಕಣ್ಣು ಬಿಟ್ಟಳು. ಎದ್ದು ಕೂತು ಮುದುಕಿಯ ಕಣ್ಣೊರೆಸಿದಳು.

"ಥೂ ನಿನ್ನ! ಹಿಂಗಾ ಜೀವ ಹಾರ್ಸೋದು?" ಎಂದು ಕೆಂಪಾಜಮ್ಮ ಬೆನ್ನಿಗೆ ಒಂದು ಗುದ್ದು ಗುದ್ದಿ, ಬಾಚಿ ತಬ್ಬಿಕೊಂಡಳಂತೆ. ಆಮೇಲೆ ಸೆಲೆಸ್ತೀನ್ ಸಾಯುವ ಪಾತ್ರ ಮಾಡಲಿಲ್ಲ ಎನ್ನುತ್ತಾರೆ. ನಿಜವಾಗಿ ಎಲ್ಲಿ ಸತ್ತಳೋ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಕೇಳಿದರೆ ಬೇಸರಪಡುತ್ತಾರೆ.

ಈಗಲೂ ದೊಡ್ಡ ಕಾಯಿಲೆಯಿಂದ ಚೇತರಿಸಿಕೊಂಡವರನ್ನು ಕರೆತಂದು ಈ ಬಂಡೆಯ ಮೇಲೆ ಕಣ್ಣು ಮುಚ್ಚಿಸಿ ಮಲಗಿಸುತ್ತಾರೆ. ಮನೆಯ ಹಿರಿಯ ಹೆಂಗಸು ಹೆಸರು ಹಿಡಿದು ಕರೆದು ಎಬ್ಬಿಸಬೇಕು, ಎದ್ದ ಮೇಲೆ ಬಾಯಿತುಂಬ ಬೈಯಬೇಕು. ನೋಡಲು ಬಂದವರಿಗೆ ಇದು ತಮಾಷೆ. ಬೈಯಲು ಬಾಯಿ ತೆರೆದವರಿಗೆ ಮಾತ್ರ ಮೊದಲು ಅಳುವೇ ಬರುತ್ತದೆ.