ಸದ್ದಿಲ್ಲದ ಡಬ್ಬಿ

ದೀಕ್ಷೆ ಕೊಡಿ ಎಂದು ಕೇಳಿದವನಿಗೆ ಅಜ್ಜಾರು ಕೋಳಿಮರಿ ತಂದುಕೊಡು ಅಂದರು.

ಕೇಳಿದವನು ಕೊಟ್ರೇಶಿ. ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ಊರಲ್ಲಿ ಬಿಟ್ಟು ಹೊಳೆದಂಡೆಯ ಈ ಮಠಕ್ಕೆ ಬಂದು ಆರು ತಿಂಗಳಾಗಿತ್ತು. ಮಠ ಅಂದರೆ ದೊಡ್ಡದೇನಲ್ಲ. ಒಂದು ಗದ್ದುಗೆ, ಒಂದು ಬೇವಿನ ಮರ, ಎರಡು ಖೋಲಿ. ಅಲ್ಲಿ ಅಜ್ಜಾರು ಒಬ್ಬರೇ ಇದ್ದರು.

ಬಂದ ಹೊಸದರಲ್ಲಿ ಅಜ್ಜಾರು ಅವನಿಗೆ ಒಂದೇ ಮಾತು ಕೇಳಿದ್ದರು.

“ಕಣ್ಣು ಮುಚ್ಚಿದ್ರೆ ಏನು ಕೇಳಿಸ್ತೈತೆ?”

“ಮಗಳು ಅಳೋದು, ಅಜ್ಜಾರೆ. ನಾನು ಹೊರಟ ದಿನ ಬಾಗಿಲಲ್ಲಿ ನಿಂತು ಅತ್ಲು. ‘ಅಳಬ್ಯಾಡ ನನ್ನವ್ವ’ ಅಂದೆ. ಕೇಳಲಿಲ್ಲ. ಆ ಅಳುನೇ ಕೇಳಿಸ್ತೈತೆ.”

“ಹಂಗಾದ್ರೆ ಕೇಳು” ಅಂದಿದ್ದರು ಅಜ್ಜಾರು.

ಐದು ತಿಂಗಳು ಕೇಳಿದ. ಜಪ ಹೆಚ್ಚು ಮಾಡಿದ, ಉಪವಾಸ ಮಾಡಿದ, ಹೊಳೆಯಲ್ಲಿ ಕುತ್ತಿಗೆಯವರೆಗೆ ನಿಂತ. ಆಮೇಲೆ ಒಂದು ದಿನ ಅಳು ಕೇಳಿಸಲಿಲ್ಲ. ಮರುದಿನವೂ ಇಲ್ಲ. ಒಂದು ತಿಂಗಳು ಹಾಗೇ ಕಳೆಯಿತು. ಕೊಟ್ರೇಶಿಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿ. ನೇರ ಅಜ್ಜಾರ ಮುಂದೆ ಹೋಗಿ ಕೈಮುಗಿದು ಕೂತ.

“ಅಳು ನಿಂತುಹೋಯ್ತು ಅಜ್ಜಾರೆ. ಒಳಗೆ ಒಂದು ಸದ್ದಿಲ್ಲ. ಬರೋ ಸೋಮವಾರ ದೀಕ್ಷೆ ಕೊಟ್ಟುಬಿಡ್ರಿ. ಊರಿಗೂ ಹೇಳಿ ಕಳಿಸ್ತೀನಿ, ಇನ್ನು ನನ್ನ ದಾರಿ ಕಾಯಬ್ಯಾಡ್ರಿ ಅಂತ.”

ಅಜ್ಜಾರು ಅವನ ಮುಖವನ್ನೇ ನೋಡಿದರು.ಬಹಳ ಹೊತ್ತು ನೋಡಿದರು.

“ಸೋಮವಾರ ಇನ್ನೂ ದೂರ ಐತೆ. ನಾಳೆ ಪೇಟೆಗೆ ಹೋಗಿ ನಮ್ಮ ದುಗ್ಗವ್ವಗೆ ನಲವತ್ತು ಕೋಳಿಮರಿ ತಗೊಂಡು ಬಾ.”

ದುಗ್ಗವ್ವ ಪಕ್ಕದ ಹಟ್ಟಿಯ ಮುದುಕಿ, ಮೊಟ್ಟೆ ಮಾರಿ ಬದುಕುವವಳು. ಹೋದ ತಿಂಗಳು ಕೋಳಿಗೆ ರೋಗ ಬಂದು, ವಾರದೊಳಗೆ ಗೂಡು ಖಾಲಿಯಾಗಿತ್ತು. ಮೊಣಕಾಲು ಹಿಡಿದುಕೊಂಡು ಪೇಟೆಯವರೆಗೆ ಹೋಗಲಾರಳು. ಈ ಮರಿಗಳು ಬದುಕಿದರೆ ಅವಳ ಒಲೆ ಉರಿದೀತು, ಇಲ್ಲದಿದ್ದರೆ ಇಲ್ಲ.

ಕೊಟ್ರೇಶಿಯ ಮುಖ ಸಣ್ಣದಾಯಿತು.

“ಕೋಳಿಮರಿಯಾ? ನಾನಾ? ಅಜ್ಜಾರೆ, ನಾನು ಜಪದಾಗಿರೋನು...”

“ಜಪ ಮಾಡ್ಕೊಂತಲೇ ತಾ. ಅವೇನು ಬ್ಯಾಡ ಅಂತಾವಾ?”

ಗುರುವಿನ ಮಾತು, ಮೀರುವ ಹಾಗಿಲ್ಲ. ಹೊರಟ.

ಪೇಟೆಯಲ್ಲಿ ಕೋಳಿಮರಿ, ಕೋಳಿ ಆಹಾರ ಮಾರುವ ಹುಸೇನ್‌ಸಾಬರು ಕೆಲಸದಲ್ಲಿ ಅಚ್ಚುಕಟ್ಟು. ಬಲ್ಬಿನ ಕೆಳಗಿದ್ದ ಹಳದಿ ಗುಂಪಿನಿಂದ ಒಂದೊಂದೇ ಮರಿ ಎತ್ತಿ ಅಂಗೈ ಮೇಲೆ ಅಂಗಾತ ಮಲಗಿಸುವರು. ಥಟ್ಟನೆ ಹೊರಳಿ ಎದ್ದು ನಿಂತರೆ ಡಬ್ಬಿಗೆ, ತಡ ಮಾಡಿದರೆ ವಾಪಸ್ಸು. ನಲವತ್ತೂ ಗಟ್ಟಿ ಮರಿಗಳು. ಸುತ್ತಲೂ ತೂತಿದ್ದ ರಟ್ಟಿನ ಡಬ್ಬಿ ಚಿಂವ್ ಚಿಂವ್ ಎಂದು ಒಂದೇ ಸಮನೆ ಕೂಗುತ್ತಿತ್ತು.

“ಸ್ವಾಮೇರೆ, ದಾರಿ ತುಂಬ ಕೂಗ್ತಾವೆ. ಕೂಗಿದ್ರೆ ಕೂಗ್ಲಿ. ತೂತು ಮಾತ್ರ ಮುಚ್ಚಬ್ಯಾಡ್ರಿ. ಸದ್ದು ನಿಂತ್ರೆ ಮುಚ್ಚಳ ತೆಗೆದು ನೋಡ್ರಿ. ಕೇಳಿಸ್ತಾ?”

“ಹೂಂ, ಹೂಂ” ಅಂದ ಕೊಟ್ರೇಶಿ. ಅವನ ಕಣ್ಣು ಎದುರಿನ ಬಟ್ಟೆ ಅಂಗಡಿಯ ಮೇಲಿತ್ತು. ಅಲ್ಲಿ ಕಾವಿ ಬಟ್ಟೆ ಮಡಿಸಿ ಇಟ್ಟಿದ್ದರು. ಸೋಮವಾರಕ್ಕೆ ಬೇಕಲ್ಲ. ಡಬ್ಬಿ ಎತ್ತಿಕೊಂಡವನು ಮೊದಲು ಅಲ್ಲಿಗೇ ಹೋದ.

ಮಧ್ಯಾಹ್ನದ ಬಸ್ಸು, ಕಾಲಿಡಲು ಜಾಗವಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ರೇಶಿ ಕಣ್ಣು ಮುಚ್ಚಿದ. ಮರಿಗಳು ಜೋರಾದವು. ಒಂದು ಮಂತ್ರ ಹೇಳಿದರೆ ನಲವತ್ತು ಕೂಗು. ಹಿಂದಿನ ಸೀಟಿನವರು ಕಿಸಕ್ಕನೆ ನಕ್ಕರು.

ಟಿಕೇಟು ಕೊಡುತ್ತ ಬಂದ ಕಂಡಕ್ಟರ್ ಬಿಡುತ್ತಾನೆಯೇ?

“ಸ್ವಾಮೇರೆ, ನಿಮ್ಮ ಭಕ್ತರು ಭಾಳ ಗಲಾಟೆ ಮಾಡ್ತಾರಲ್ಲ!”

ಬಸ್ಸಿಗೆ ಬಸ್ಸೇ ನಕ್ಕಿತು. ಕೊಟ್ರೇಶಿಯ ಕಿವಿ ಕೆಂಪಾದವು. ಬರುವ ಸೋಮವಾರ ದೀಕ್ಷೆ ಪಡೆಯುವ ಮನುಷ್ಯ ಇವತ್ತು ಕೋಳಿಮರಿ ಹೊತ್ತು ಇಡೀ ಬಸ್ಸಿನ ನಗೆಪಾಟಲಾಗಿದ್ದ. ಚೀಲದಿಂದ ಹೊಸ ಕಾವಿ ತೆಗೆದ. ಡಬ್ಬಿಯ ಮೇಲೆ ಹೊದಿಸಿದ. ಸಾಲಲಿಲ್ಲ. ಇನ್ನೊಂದು ಸುತ್ತು ಸುತ್ತಿ ತುದಿಗಳನ್ನು ಅಡಿಗೆ ಸಿಕ್ಕಿಸಿದ. ಒಂದು ತೂತೂ ಕಾಣದ ಹಾಗೆ.

ಕೂಗು ದೂರವಾಯಿತು. ಹತ್ತು ಹನ್ನೆರಡು ಮೈಲಿಯಲ್ಲಿ ಇನ್ನೂ ಸಣ್ಣದಾಯಿತು. ನಡುವೆ ಒಮ್ಮೆ ಡಬ್ಬಿಯೊಳಗೆ ಏನೋ ಗೀರಿದ ಸದ್ದು. ಕೊಟ್ರೇಶಿ ಕಣ್ಣು ತೆರೆಯಲಿಲ್ಲ. ಆಮೇಲೆ ಅದೂ ನಿಂತಿತು.

ಆಹಾ, ಅಂದುಕೊಂಡ. ಮಲಗಿದವು, ಪಾಪ.

ಮಠದ ದಾರಿ ತೋರುವ ಕೈಮರದ ಹತ್ತಿರ ಬಸ್ಸಿಳಿದು ಒಂದೂವರೆ ಮೈಲಿ ಬಿಸಿಲಲ್ಲಿ ನಡೆದ. ತಲೆ ಸುಡುತ್ತಿತ್ತು. ಡಬ್ಬಿಯ ಅಡಿಯೂ ಬೆಚ್ಚಗಿತ್ತು. ನಡೆಯುವಾಗ ಒಳಗೆ ಏನೋ ಅತ್ತಿತ್ತ ಜಾರಿದ ಹಾಗಾಯಿತು. ಏನಪ್ಪ ಇದು ಎಂದು ಒಂದು ಗಳಿಗೆ ಎದೆ ಅಳುಕಿತು. ತೆಗೆದರೆ ಎಚ್ಚರಾಗಿ ಮತ್ತೆ ಕೂಗಿಯಾವು ಎಂದು ಹಾಗೇ ನಡೆದ.

ಬೇವಿನ ಮರದಡಿ ಅಜ್ಜಾರ ಜೊತೆ ದುಗ್ಗವ್ವ ಕೂತಿದ್ದಳು. ಬೆಳಿಗ್ಗೆಯಿಂದ ಕಾಯುತ್ತಿದ್ದಳಂತೆ. ಮಡಿಲಲ್ಲಿ ನುಚ್ಚು ಕಟ್ಟಿಕೊಂಡು ಬಂದಿದ್ದಳು.

“ಬಂದ್ಯೇನಪ್ಪಾ, ತಂದ್ಯೇನಪ್ಪಾ!” ಎಂದು ಎದ್ದಳು. ಆಮೇಲೆ ನಿಂತುಬಿಟ್ಟಳು. “ಯಾಕೆ ಸದ್ದಿಲ್ಲ?”

“ಎಲ್ಲ ನೆಮ್ಮದಿಯಾಗಿ ಮಲಗ್ಯಾವೆ ದುಗ್ಗವ್ವ” ಎಂದು ಕೊಟ್ರೇಶಿ ನಕ್ಕ. “ಅರ್ಧ ದಾರಿಯಿಂದ ಒಂದೂ ತುಟಿ ಪಿಟಕ್ ಅಂದಿಲ್ಲ.”

ಅಜ್ಜಾರು ಬಾಗಿ ಡಬ್ಬಿಗೆ ಕಿವಿಯಿಟ್ಟರು. ಅವರ ಮುಖದ ಬಣ್ಣ ಬದಲಾದದ್ದನ್ನು ಕೊಟ್ರೇಶಿ ಮೊದಲ ಸಲ ನೋಡಿದ.

ಒಂದೇ ಎಳೆತಕ್ಕೆ ಕಾವಿ ಬಟ್ಟೆ ಬಿಚ್ಚಿ ಮುಚ್ಚಳ ಕಿತ್ತರು. ಬಿಸಿ ಹವೆ ಮುಖಕ್ಕೆ ಹೊಡೆಯಿತು. ಮರಿಗಳೆಲ್ಲ ಒಂದು ಮೂಲೆಗೆ ಬಿದ್ದಿದ್ದವು. ಕೆಲವು ಕೊಕ್ಕು ತೆರೆದು ತೇಕುತ್ತಿದ್ದವು. ಕೆಲವು ತೇಕುತ್ತಲೂ ಇರಲಿಲ್ಲ.

“ಅಯ್ಯೋ ನನ ಶಿವನೇ!” ದುಗ್ಗವ್ವ ಎದೆ ಎದೆ ಬಡಿದುಕೊಂಡಳು. “ಕೊಂದ್ಬಿಟ್ಯಲ್ಲೋ! ನನ್ನ ಬಾಯಿಗೆ ಮಣ್ಣು ಹಾಕಿದ್ಯಲ್ಲೋ!”

“ದುಗ್ಗವ್ವ, ಅಳೋದು ಆಮೇಲೆ. ಬೆಲ್ಲದ ನೀರು ಮಾಡ್ಕೊಂಡು ಬಾ” ಅಂದರು ಅಜ್ಜಾರು. “ಕೊಟ್ರೇಶಿ, ನೆಲಕ್ಕೆ ಗೋಣಿಚೀಲ ಹಾಸು. ಆ ನಿನ್ನ ಬಟ್ಟೆ ತಗೋ. ಬೀಸು.”

ಕೊಟ್ರೇಶಿ ಚೀಲ ಹಾಸಿ, ಬಟ್ಟೆ ಹಿಡಿದು ಮರಿಗಳನ್ನೇ ನೋಡುತ್ತ ನಿಂತ.

“ಬೀಸೋ!”

ಬೀಸಿದ. ಕಾವಿಯ ಎರಡು ತುದಿ ಹಿಡಿದು ಬೀಸಿದ. ದುಗ್ಗವ್ವ ಅಳುತ್ತಲೇ ಒಂದೊಂದು ಮರಿಯ ಕೊಕ್ಕನ್ನು ಬೆಲ್ಲದ ನೀರಿಗೆ ಅದ್ದಿ ಅದ್ದಿ ಚೀಲದ ಮೇಲೆ ಬಿಟ್ಟಳು. ಒಂದು ನುಂಗಿತು. ಇನ್ನೊಂದು ನುಂಗಿತು. ಮೂರನೆಯದರ ಕತ್ತು ಹಾಗೇ ಜೋತುಬಿತ್ತು. ಅವಳು ಅದನ್ನು ಬದಿಗಿಟ್ಟು ಮುಂದಿನದನ್ನು ಎತ್ತಿದಳು. ಬದಿಗೆ ಇಟ್ಟದ್ದು ಒಂದಾಯಿತು, ನಾಲ್ಕಾಯಿತು, ಒಂಬತ್ತಾಯಿತು. ಒಂದೊಂದು ಇಟ್ಟಾಗಲೂ ಕೊಟ್ರೇಶಿ ಇನ್ನಷ್ಟು ಜೋರಾಗಿ ಬೀಸಿದ. ರಟ್ಟೆ ಬಿದ್ದುಹೋದರೂ ಬೀಸುವುದು ಬಿಡಲಿಲ್ಲ.

ಡಬ್ಬಿಯ ತಳದಲ್ಲಿ ಕೊನೆಯದೊಂದು ಮರಿ ಉಳಿದಿತ್ತು. ಅಜ್ಜಾರು ಅದನ್ನು ಎತ್ತಿ ಕೊಟ್ರೇಶಿಯ ಕೈಗೆ ಹಾಕಿದರು.

“ಇದು ನಿಂದು.”

“ಇದು ಹೋಗೈತೆ ಅಜ್ಜಾರೆ.”

“ಯಾರು ಹೇಳಿದ್ರು? ಕಿವಿಗಿಟ್ಟು ಕೇಳು.”

ಬೆರಳಿಂದ ಒಂದು ಹನಿ ನೀರು ಕೊಕ್ಕಿಗೆ ಬಿಟ್ಟ. ಹನಿ ಹೊರಗೇ ಹರಿಯಿತು. ಇನ್ನೊಂದು ಬಿಟ್ಟ. ಬಾಯಿಯಿಂದ ಮೆಲ್ಲಗೆ ಗಾಳಿ ಊದಿದ. ಎರಡೂ ಅಂಗೈಯಲ್ಲಿ ಹಿಡಿದು ಕಿವಿಗಿಟ್ಟು ಕಣ್ಣು ಮುಚ್ಚಿದ.

ಸದ್ದಿಲ್ಲ.

ಐದು ತಿಂಗಳು ಯಾವುದಕ್ಕಾಗಿ ಒದ್ದಾಡಿದ್ದನೋ ಅದೇ ನಿಶ್ಶಬ್ದ ಈಗ ಅಂಗೈಯಲ್ಲಿತ್ತು. ಕೊಟ್ರೇಶಿಗೆ ಜೀವ ಬಾಯಿಗೆ ಬಂತು. ಇದು ಬೇಡ ಅನ್ನಿಸಿತು. ಬೇಡವೇ ಬೇಡ. ಒಂದು ಸಲ ಕೂಗಿದರೆ ಸಾಕು, ಇಡೀ ಬಸ್ಸು ನಗಲಿ.

“ಕೂಗೇ” ಅಂದ. “ಒಂದೇ ಒಂದು ಸಲ ಕೂಗು. ಕೂಗೇ ನನ್ನವ್ವ.”

ಬಾಯಿಂದ ಬಂದ ಮಾತು ಅವನಿಗೇ ಕೇಳಿಸಿತು. ‘ನನ್ನವ್ವ’ ಎಂದು ಕೊನೆಯ ಸಲ ಅಂದದ್ದು ಮನೆಯ ಬಾಗಿಲಲ್ಲಿ, ಮಗಳಿಗೆ.

ಅಂಗೈಯೊಳಗೆ ಏನೋ ಮಿಸುಕಿತು. ಸಣ್ಣ ಕಾಲೊಂದು ಬೆರಳನ್ನು ಒದ್ದಿತು. ಆಮೇಲೆ ಕಿವಿಯ ಹತ್ತಿರವೇ, ಸೂಜಿಯಷ್ಟು ಸಣ್ಣ ಕೂಗು. ಚಿಂವ್.

ಚೀಲದ ಮೇಲಿದ್ದವು ಅದಕ್ಕೆ ಓಗೊಟ್ಟವು. ಒಂದು, ಎರಡು, ಆಮೇಲೆ ಎಲ್ಲವೂ. ಬೇವಿನ ಮರದಡಿ ಮಾತು ಕೇಳಿಸದಷ್ಟು ಗದ್ದಲವಾಯಿತು. ದುಗ್ಗವ್ವ ಕಣ್ಣೊರೆಸಿಕೊಂಡು ಮಡಿಲಿನ ನುಚ್ಚು ಬಿಚ್ಚಿದಳು.

“ಹೋದವು ಹೋದವು. ಇರೋವನ್ನ ಸಾಕ್ತೀನಿ ಬಿಡು” ಅಂದಳು. ಬೈಗುಳವನ್ನು ಅಲ್ಲಿಗೇ ಬಿಟ್ಟಳು.

ಸತ್ತ ಒಂಬತ್ತನ್ನು ಕೊಟ್ರೇಶಿ ಹೊಸ ಕಾವಿಯಲ್ಲಿ ಸುತ್ತಿದ. ಯಾರೂ ಹೇಳಿರಲಿಲ್ಲ. ಮರದ ಆಚೆ ಗುಂಡಿ ತೋಡಿ ಹೂತು ಬಂದ. ಬಂದವನು ಅಜ್ಜಾರ ಪಾದದ ಹತ್ತಿರ ಕುಸಿದು ಕೂತ. ಕೈಗಂಟಿದ ಮಣ್ಣನ್ನು ತೊಳೆಯಲೂ ಇಲ್ಲ.

“ನಂದು ತಪ್ಪಾಯ್ತು ಅಜ್ಜಾರೆ. ಸದ್ದು ನಿಂತ್ರೆ ತೆಗೆದು ನೋಡ್ರಿ ಅಂದಿದ್ರು ಸಾಬರು. ಸದ್ದಿಲ್ಲ ಅಂದ್ರೆ ನೆಮ್ಮದಿಯಾಗಿರ್ತಾವೆ ಅಂದ್ಕೊಂಡೆ.”

ಅಜ್ಜಾರು ಬೆಲ್ಲದ ನೀರಿನ ಬಟ್ಟಲನ್ನು ಬೋರಲು ಹಾಕಿದರು.

“ನಿನ್ನ ಮಗಳ ಅಳು ನಿಂತೈತೆ ಅಂದ್ಯಲ್ಲ ಕೊಟ್ರೇಶಿ, ಮುಚ್ಚಳ ತೆಗೆದು ನೋಡಿದ್ಯಾ?”